ನಾನು ಹಾಕದೇ ಇದ್ದ ಸಿಗ್ನಲ್

"ಡೇಟಾ ಮುಟ್ಟೋಕೆ ಮುಂಚೆ ಲ್ಯಾಪ್‌ಟಾಪಲ್ಲಿ ನ್ಯೂಕ್ಲಿಯಸ್‌ಗಳ ಸುಳ್ಳು ಡಿಕ್ಕಿ ಮಾಡಿ ನೋಡಪ್ಪ," ಅಂದಿದ್ದರು ಮಾನಸಗಂಗೋತ್ರಿಯಲ್ಲಿ ನನ್ನ ಗೈಡ್ ಮೇಡಂ. ನಾನು ಎರಡು ದಿನದ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು.

ಎರಡು ಚಿನ್ನದ ನ್ಯೂಕ್ಲಿಯಸ್ ಪಕ್ಕಕ್ಕೆ ಸರಿದು ಡಿಕ್ಕಿ ಹೊಡೆದರೆ ಒಂದು ಕ್ಷಣ ಭಾರಿ ಕಾಂತಕ್ಷೇತ್ರ ಹುಟ್ಟುತ್ತದೆ. ಪ್ಲಸ್ ಕಣಗಳು ಅದರ ಒಂದು ತುದಿಗೆ, ಮೈನಸ್ ಇನ್ನೊಂದು ತುದಿಗೆ ಚೂರು ಜಾಸ್ತಿ ಹೋಗಬಹುದು. ಇದೇ ಕೈರಲ್ ಮ್ಯಾಗ್ನೆಟಿಕ್ ಎಫೆಕ್ಟ್. ಯಾವುದು ಯಾವ ಕಡೆ ಅನ್ನುವುದು ಪ್ರತಿ ಡಿಕ್ಕಿಗೂ ಬದಲಾಗುತ್ತದೆ, ಸುಮ್ನೆ ಸರಾಸರಿ ತೆಗೆದರೆ ಸೊನ್ನೆ. ಅದಕ್ಕೇ 2004ರಲ್ಲಿ ಭೌತವಿಜ್ಞಾನಿ ವೊಲೊಶಿನ್ ಜೋಡಿ ಲೆಕ್ಕ ಕೊಟ್ಟರು: ಎರಡು ಕಣಗಳ ಕೋನ ಕೂಡಿಸಿ, ಡಿಕ್ಕಿಯ ಸಮತಲದ (ಎರಡೂ ನ್ಯೂಕ್ಲಿಯಸ್‌ಗಳ ಹಾದಿ ಇರುವ ಸಮತಲ, ಕಾಂತಕ್ಷೇತ್ರ ಇದಕ್ಕೆ ಲಂಬ) ಕೋನವನ್ನು ಎರಡು ಸಲ ಕಳೆದು, ಕೊಸೈನ್ ತೆಗೆಯುವುದು. ಅದು ಗಾಮಾ. ವಿರುದ್ಧ ಚಾರ್ಜಿನ ಗಾಮಾದಲ್ಲಿ ಒಂದೇ ಚಾರ್ಜಿನದನ್ನು ಕಳೆದರೆ ಡೆಲ್ಟಾ ಗಾಮಾ.

ಡಿಕ್ಕಿಗೆ 100 ಪ್ಲಸ್, 100 ಮೈನಸ್ ಇಟ್ಟೆ. ಒಂದೊಂದೇ ಜೋಡಿ ಹಿಡಿದರೆ ಪೈಥಾನ್ ರಾತ್ರಿಯಿಡೀ ತೆವಳುತ್ತಿತ್ತು. ಕೋನಗಳನ್ನೆಲ್ಲ ವೆಕ್ಟರ್ ಮಾಡಿ ಒಟ್ಟಿಗೆ ಕೂಡಿಸಿದೆ, ಓಡಿತು. ಆದರೆ ಚಾರ್ಜ್ ಬೇರ್ಪಡುವ ಸಿಗ್ನಲ್ ಹಾಕದೆಯೇ ಡೆಲ್ಟಾ ಗಾಮಾ ಮೈನಸ್ 0.0005! ಒಂದೇ ಚಾರ್ಜಿನ ಲೆಕ್ಕದಲ್ಲಿ ಪ್ರತಿ ಕಣವೂ ತನ್ನ ಜೊತೆ ತಾನೇ ಜೋಡಿಯಾಗಿತ್ತು. ಅದನ್ನು ಕಳೆದ ಮೇಲೆ ಸೊನ್ನೆ ಬಂತು. ಈ ಒಂದು ಸಾಲು ಹುಡುಕಲು ಒಂದು ವಾರ.

ಆಮೇಲೆ ಶೇಕಡಾ 1ರಷ್ಟು ಚಾರ್ಜ್ ಬೇರ್ಪಡುವಂತೆ ಮಾಡಿದೆ. 1000 ಡಿಕ್ಕಿಯಲ್ಲಿ ಗದ್ದಲವೇ ಜಾಸ್ತಿ, 1 ಲಕ್ಷದಲ್ಲಿ 0.0002 ಎದ್ದು ನಿಂತಿತು. ಖುಷಿಯಿಂದ ಮೇಡಂಗೆ ತೋರಿಸಿದೆ. "ಸರಿ, ಸಿಗ್ನಲ್ ತೆಗೆದು ರೋ ಮೆಸಾನ್ ಹಾಕು," ಅಂದರು. ರೋ ಅಂದರೆ ಹುಟ್ಟಿದ ತಕ್ಷಣ ಒಡೆಯುವ ಕಣ. ಡಿಕ್ಕಿಗೆ 25 ರೋ, ಒಂದೊಂದೂ ಒಡೆದು ಒಂದು ಪ್ಲಸ್, ಒಂದು ಮೈನಸ್. ತಾಯಿ ಕಣ ಸಮತಲದ ಕಡೆಗೇ ಜಾಸ್ತಿ ಹರಿಯುತ್ತದೆ, ಮಕ್ಕಳೂ ಅತ್ತಲೇ ಹೋಗುತ್ತವೆ. ಮತ್ತೆ ಸುಮಾರು 0.0002!

"ಜೋಡಿಯಾಗಿ ಹುಟ್ಟಿದ್ದು ಜೋಡಿಯಾಗೇ ಓಡುತ್ತೆ ಕಣಪ್ಪ," ಅಂದರು ಮೇಡಂ.

ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಸ್ಟಾರ್ ತಂಡ 2018ರಲ್ಲಿ ರುಥೇನಿಯಂ-96, ಜಿರ್ಕೋನಿಯಂ-96 ಎರಡನ್ನೂ ಡಿಕ್ಕಿ ಹೊಡೆಸಿದ್ದು ಇದೇ ತಲೆನೋವಿಗೆ. ತೂಕ ಹೆಚ್ಚು ಕಡಿಮೆ ಒಂದೇ, ಪ್ರೋಟಾನ್ ಮಾತ್ರ 44 ಮತ್ತು 40. ರೋ ತರದ ಗದ್ದಲ ಎರಡರಲ್ಲೂ ಸುಮಾರು ಒಂದೇ ಇರಬೇಕು, ಪ್ರೋಟಾನ್ ಜಾಸ್ತಿ ಇರುವ ಕಡೆ ಕಾಂತಕ್ಷೇತ್ರ, ಜೊತೆಗೆ ನಿಜವಾದ ಸಿಗ್ನಲ್ ಜಾಸ್ತಿ ಇರಬೇಕು ಅನ್ನುವ ಲೆಕ್ಕ. ಯಾವುದು ಯಾವುದೆಂದು ವಿಶ್ಲೇಷಣೆ ಮಾಡುವವರಿಗೇ ತಿಳಿಸಿರಲಿಲ್ಲ. 2021ರಲ್ಲಿ ಫಲಿತಾಂಶ ಬಂತು: ಮೊದಲೇ ಗೊತ್ತು ಮಾಡಿಕೊಂಡಿದ್ದ ಗುರುತು ಸಿಗಲಿಲ್ಲ.

ನಾನು ಈಗ ತಾಯಿ ಕಣಗಳ ಹರಿವನ್ನು ಅರ್ಧಕ್ಕೆ ಇಳಿಸಿ ಓಡಿಸಿದ್ದೇನೆ. ರೋ ಕೊಟ್ಟ ಸಿಗ್ನಲ್ ಅರ್ಧವಾಯಿತು. ಮೊದಲು ನಾನೇ ಹಾಕಿದ್ದ ಶೇಕಡಾ 1ರ ಸಿಗ್ನಲ್ ಅಲ್ಲಾಡಲಿಲ್ಲ.