'ಬಾಲ್' ಎಂಬ ನಮೂದನ್ನು ಬರೆದ ಬಗೆ

ಪದವಿ ವಿದ್ಯಾರ್ಥಿಗಳಿಗೆಂದು ಇಂಗ್ಲಿಷ್–ಕನ್ನಡ ಪದಕೋಶವೊಂದನ್ನು ಸಿದ್ಧಪಡಿಸುವ ಕೆಲಸದಲ್ಲಿ ನನ್ನ ಪಾಲಿಗೆ ಬಂದದ್ದು 'ಬಿ' ಅಕ್ಷರದ ಭಾಗ. ಅದರಲ್ಲಿ ಅತಿ ಹೆಚ್ಚು ಸಮಯ ಬೇಡಿದ ನಮೂದು ಶಾಲೆಯ ಮಕ್ಕಳಿಗೂ ಗೊತ್ತಿರುವ 'ಬಾಲ್'. ಪಾರಿಭಾಷಿಕ ಪದಗಳಿಗೆ ಅರ್ಥ ಸಾಮಾನ್ಯವಾಗಿ ಒಂದೇ ಇರುವುದರಿಂದ ಅವು ಬೇಗ ಮುಗಿಯುತ್ತವೆ. ದಿನಬಳಕೆಯ ಪದಗಳೇ ಕೋಶಕಾರನನ್ನು ಸತಾಯಿಸುತ್ತವೆ.

ಮೊದಲು ತೀರ್ಮಾನಿಸಬೇಕಾದದ್ದು ಎಷ್ಟು ಮುಖ್ಯಪದಗಳು, ಅಂದರೆ ತಲೆಪದವಾಗಿ ಪ್ರತ್ಯೇಕವಾಗಿ ನಮೂದಾಗುವ ಪದಗಳು, ಬೇಕೆಂಬುದನ್ನು. ಕಾಗುಣಿತ ಒಂದೇ ಆದರೂ ಮೂಲ ಬೇರೆಯಾದರೆ ಬೇರೆ ಮುಖ್ಯಪದ ಎಂಬ ನಿಯಮವನ್ನು ನಾನು ಪಾಲಿಸಿದೆ. ದುಂಡನೆಯ ವಸ್ತು ಎಂಬರ್ಥದ 'ಬಾಲ್' ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು; ಅದು ಜರ್ಮಾನಿಕ್ ಕುಲದ ಭಾಷೆ. ಇಂಗ್ಲಿಷ್ ಬರಹದಲ್ಲಿ 13ನೆಯ ಶತಮಾನದ ಆರಂಭದಿಂದ ಕಾಣಸಿಗುತ್ತದೆ. ನೃತ್ಯಕೂಟ ಎಂಬರ್ಥದ 'ಬಾಲ್' 17ನೆಯ ಶತಮಾನದಲ್ಲಿ ಫ್ರೆಂಚಿನಿಂದ ಬಂತು. ಅದರ ಹಿಂದಿರುವುದು ಕುಣಿಯುವುದನ್ನು ಸೂಚಿಸುವ ಲ್ಯಾಟಿನ್ ಕ್ರಿಯಾಪದ. ಬ್ಯಾಲೆ, ಬ್ಯಾಲಡ್ ಪದಗಳು ಅದರ ಬಂಧುಗಳೇ ಹೊರತು ಚೆಂಡಿಗೆ ಅವುಗಳ ನಂಟಿಲ್ಲ. ಹಾಗಾಗಿ ಎರಡು ಮುಖ್ಯಪದಗಳಾದವು.

ನಿಜವಾದ ಸ್ವಾರಸ್ಯ ತೆರೆದುಕೊಂಡದ್ದು ಅಕ್ಕಪಕ್ಕದ ನಮೂದುಗಳನ್ನು ಜೋಡಿಸುವಾಗ. ಬುಲೆಟ್ ಎಂಬುದು ಬಾಲ್‌ನ ಕುಟುಂಬದ್ದೆಂದು ಯಾರಿಗಾದರೂ ತೋರೀತು. ಆದರೆ ಅದು ಫ್ರೆಂಚಿನ 'ಬೂಲ್' ಎಂಬುದರ ಕಿರಿದಾದ ರೂಪದಿಂದ 16ನೆಯ ಶತಮಾನದಲ್ಲಿ ಬಂದದ್ದು, ಆ 'ಬೂಲ್' ನೀರ್ಗುಳ್ಳೆ ಎಂಬರ್ಥದ ಲ್ಯಾಟಿನ್ 'ಬುಲ್ಲಾ'ದಿಂದ ಹುಟ್ಟಿದ್ದು. ಕಾಗದ ಪತ್ರಗಳಿಗೆ ತೂಗಿಬಿಡುತ್ತಿದ್ದ ದುಂಡು ಮುದ್ರೆಗೂ ಬುಲ್ಲಾ ಎಂದೇ ಹೆಸರಾದ್ದರಿಂದ ಪೋಪರ ಶಾಸನಪತ್ರವನ್ನು ಬುಲ್ ಎನ್ನುತ್ತಾರೆ, ಬುಲೆಟಿನ್ ಕೂಡ ಅದೇ ಬುಡದ್ದು. ಇದಕ್ಕೆ ವಿರುದ್ಧವಾಗಿ, ದುಂಡಗಿನದೇನೂ ಕಾಣದ 'ಬ್ಯಾಲೆಟ್' ಮಾತ್ರ ಬಾಲ್‌ನ ನಿಜವಾದ ದಾಯಾದಿ. ವೆನಿಸ್ ಗಣರಾಜ್ಯದಲ್ಲಿ ಗುಟ್ಟಾಗಿ ಮತ ಹಾಕಲು ಬಳಸುತ್ತಿದ್ದ ಸಣ್ಣ ಗುಂಡುಗಳ ಇಟಾಲಿಯನ್ ಹೆಸರಿನಿಂದ ಅದು ಬಂದಿದೆ, ಮತ್ತು ಆ ಇಟಾಲಿಯನ್ ಪದದ ಬೇರು ಜರ್ಮಾನಿಕ್ ಕುಲದಲ್ಲಿದೆ. ಕ್ರಿಕೆಟ್ಟಿನ 'ಬೌಲ್' ಕೂಡ ಬುಲ್ಲಾದ ಸಂತತಿಯೇ ಆದ್ದರಿಂದ, ಬೌಲರ್‌ನ ಹೆಸರು ಒಂದು ಕುಲದ್ದು, ಅವನ ಕೈಯಲ್ಲಿರುವ ಬಾಲ್‌ನ ಹೆಸರು ಇನ್ನೊಂದು ಕುಲದ್ದು. ಈ ವಿವರವನ್ನು ಚಿಕ್ಕ ಅಕ್ಷರದಲ್ಲಾದರೂ ಸೇರಿಸದೆ ಇರಲು ನನಗೆ ಮನಸ್ಸಾಗಲಿಲ್ಲ.

ಅರ್ಥಗಳನ್ನು ಕೊಡುವಾಗ ಇಂಗ್ಲಿಷ್ ನಿಘಂಟಿನ ಕ್ರಮವನ್ನು ಕೈಬಿಟ್ಟೆ. ಇಂಗ್ಲಿಷ್ ಆಕಾರವೊಂದನ್ನೇ ನೋಡಿ ಹೆಸರಿಡುವ ಕಡೆ ಕನ್ನಡ ವಸ್ತುವಿನ ಗುಣವನ್ನೂ ಅದು ಆದ ಬಗೆಯನ್ನೂ ನೋಡುತ್ತದೆ. ಆಡುವುದು ಚೆಂಡು, ಕೈಯಲ್ಲಿ ಕಟ್ಟಿದ್ದು ಅಥವಾ ಸುತ್ತಿದ್ದು ಉಂಡೆ, ಅದು ಎಳ್ಳಿನದಾಗಲಿ ನೂಲಿನದಾಗಲಿ, ಗಟ್ಟಿಯಾಗಿ ಭಾರವಾಗಿರುವುದು ಗುಂಡು, ಕಣ್ಣಿನದು ಗುಡ್ಡೆ, ಮೆತ್ತಗಿದ್ದು ತಟ್ಟೆಯಲ್ಲಿ ಕೂರುವುದು ಮುದ್ದೆ. ಹೋಟೆಲಿನ ಪಟ್ಟಿಗಳಲ್ಲಿ 'ರಾಗಿ ಬಾಲ್' ಎಂದು ಓದಿದ ಪರಸ್ಥಳದವರು ಏನನ್ನು ಊಹಿಸಿಕೊಳ್ಳುತ್ತಾರೋ ತಿಳಿಯದು. ಆದ್ದರಿಂದ 'ದುಂಡನೆಯ ವಸ್ತು' ಎಂಬ ಸಾಮಾನ್ಯ ಅರ್ಥವನ್ನು ಮೇಲಿಟ್ಟು, ಅದರಡಿಯಲ್ಲಿ ಯಾವ ವಸ್ತುವಿಗೆ ಯಾವ ಕನ್ನಡ ಪದ ಎಂಬುದನ್ನು ಉದಾಹರಣೆಯೊಂದಿಗೆ ಬರೆದೆ. ಕ್ರಿಕೆಟ್ಟಿನಲ್ಲಿ ಇನ್ನೂ ಒಂದು ಭೇದ ಬೇಕಾಯಿತು: 155.9ರಿಂದ 163 ಗ್ರಾಂ ತೂಗುವ ಚರ್ಮದ ವಸ್ತು ಚೆಂಡು, ಆದರೆ ಒಂದು ಓವರಿಗೆ ಆರು ಬೀಳುವುದು ಎಸೆತ. ನಮ್ಮ ಪತ್ರಿಕೆಗಳ ಕ್ರೀಡಾಪುಟಗಳು ಈ ಭೇದವನ್ನು ಎಂದೋ ರೂಢಿಸಿಬಿಟ್ಟಿರುವುದರಿಂದ ನಾನು ಹೊಸದಾಗಿ ಟಂಕಿಸಬೇಕಾದದ್ದು ಏನೂ ಇರಲಿಲ್ಲ.

'ಬಾಲ್ಸ್' ಎಂಬ ಬಹುವಚನಕ್ಕಿರುವ ವೃಷಣ ಎಂಬ ಅಶಿಷ್ಟ ಅರ್ಥದ ಬಗ್ಗೆ ಸಂಪಾದಕ ಮಂಡಳಿಯಲ್ಲಿ ಚರ್ಚೆ ನಡೆಯಿತು. ವಿದ್ಯಾರ್ಥಿಗಳ ಕೋಶಕ್ಕೆ ಅದು ಬೇಡ ಎಂದವರಿದ್ದರು. ಆ ಅರ್ಥ 14ನೆಯ ಶತಮಾನದಷ್ಟು ಹಳೆಯದು, ಧೈರ್ಯ, ಅಸಂಬದ್ಧ ಮಾತು ಎಂಬ ಇಂದಿನ ಆಡುಮಾತಿನ ಅರ್ಥಗಳು ಅದರಿಂದಲೇ ಕವಲೊಡೆದವು, ಕಾದಂಬರಿಯ ಸಂಭಾಷಣೆಯನ್ನು ಓದುವ ವಿದ್ಯಾರ್ಥಿ ನಿಘಂಟನ್ನು ತೆರೆಯುವುದು ಇಂಥ ಕಡೆಯೇ ಎಂದು ನಾನು ವಾದಿಸಿದೆ. ಕೊನೆಗೆ 'ಅಶಿಷ್ಟ' ಎಂಬ ಗುರುತಿನೊಂದಿಗೆ ಅದು ಉಳಿಯಿತು. ಎದುರಿಗೆ 'ವೃಷಣ' ಎಂದಷ್ಟೇ ಬರೆದಿದ್ದರೆ ವೈದ್ಯರ ಚೀಟಿಯ ಭಾಷೆಯಾಗುತ್ತಿತ್ತು. ಹೋರಿಗಳ ವಿಷಯದಲ್ಲಿ ರೈತರು ಸಂಕೋಚವಿಲ್ಲದೆ ಆಡುವ 'ಬೀಜ'ವನ್ನೂ ಅದರ ಪಕ್ಕದಲ್ಲಿಟ್ಟೆವು.