ಮೊದಲ ಹಾಯಿದೋಣಿ: ಪೇಂಟ್ ಅಲ್ಲ, ಕಂಬದ ತೂತು ನೋಡಿ

ತುಂಗಭದ್ರಾ ಡ್ಯಾಮ್ ತುಂಬಿದಾಗ ಮುನಿರಾಬಾದ್ ದಂಡೆಯಲ್ಲಿ ನಿಂತವರಿಗೆ ಹಾಯಿದೋಣಿಯ ಆಸೆ ಹುಟ್ಟಿದರೆ ತಪ್ಪೇನಿಲ್ಲ. ಆಷಾಢದ ಗಾಳಿಯೂ ಅಂಥದ್ದೇ. ಆದರೆ ಎಷ್ಟೋ ಜನ ಹೊಸ ಪೇಂಟ್ ನೋಡಿಯೇ ದುಡ್ಡು ಎಣಿಸಿಬಿಡುತ್ತಾರೆ.

ಮೊದಲು ನೀರು ಗೊತ್ತು ಮಾಡಿಕೊಳ್ಳಿ. ಅನುಮತಿ ಇಲ್ಲದೆ ಜಲಾಶಯಕ್ಕೆ ದೋಣಿ ಇಳಿಸಬೇಡಿ, ತುಂಗಭದ್ರಾ ಮಂಡಳಿಯಲ್ಲಿ ವಿಚಾರಿಸಿ. ಆನೆಗೊಂದಿಯ ಹೊಳೆ ಹಾಯಿಗಲ್ಲ. ಬಂಡೆ, ಸುಳಿ ಜಾಸ್ತಿ, ಅಲ್ಲಿ ಹರಿಗೋಲೇ ಸರಿ. ಮುದ್ಲಾಪುರದಿಂದ ಕಂಪ್ಲಿವರೆಗೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ ಬೇರೆ.

ಇನ್ನು ಅಳತೆ. ಮಕ್ಕಳಿಗೆ ಆಪ್ಟಿಮಿಸ್ಟ್ ಎಂಬ ಪುಟ್ಟ ಹಾಯಿದೋಣಿ, 35 ಕೆ.ಜಿ. ದೊಡ್ಡವರಿಗೆ ಲೇಸರ್ ಎಂಬ, ಒಬ್ಬರೇ ನಡೆಸುವ ದೋಣಿ: 4.2 ಮೀಟರ್ ಉದ್ದ, ಬರೀ ಒಡಲಿನ ತೂಕ 59 ಕೆ.ಜಿ. ಇದಕ್ಕೆ 4.7, 5.76, 7.06 ಚದರ ಮೀಟರಿನ ಮೂರು ಹಾಯಿ ಸಿಗುತ್ತವೆ. ಕಲಿಯುವವರಿಗೆ 4.7 ಸಾಕು. ಹಾಯಿ ಬದಲಾದರೆ ಅದನ್ನು ಹೊರುವ ಕಂಬದ ಕೆಳತುಂಡೂ ಬದಲಾಗುತ್ತದೆ, ಅದನ್ನೂ ಕೇಳಿ ಪಡೆಯಿರಿ. ಮನೆಮಂದಿಯೆಲ್ಲ ಕೂರಲಿ ಅಂತ ದೊಡ್ಡ ದೋಣಿ ತರಬೇಡಿ. ಮನೆಮಂದಿ ಒಂದೇ ಸಲ ಬರುತ್ತಾರೆ, ಆಮೇಲೆ ಎತ್ತಲು ಯಾರೂ ಸಿಗುವುದಿಲ್ಲ.

ಹೈದರಾಬಾದಿನ ಹುಸೇನ್ ಸಾಗರದಲ್ಲಿ ಲೇಸರ್ ರೇಸ್ ನಡೆಯುತ್ತವೆ. ರಾಯಚೂರಿನವರು ಹಳೆ ದೋಣಿಗೆ ಅಲ್ಲೇ ವಿಚಾರಿಸುವುದು ಒಳ್ಳೆಯದು.

ಈಗ ಪರೀಕ್ಷೆ. ಇಲ್ಲಿ ಅವಸರ ಬೇಡ. ಕಂಬ ಕೂರುವ ತೂತಿಗೆ ಅಂಚಿನವರೆಗೆ ನೀರು ತುಂಬಿ. ಪೆನ್ಸಿಲ್‌ನಿಂದ ಗುರುತು ಮಾಡಿ, ಚಹಾ ಕುಡಿದು ಬನ್ನಿ. ನೀರು ಇಳಿದಿದೆಯಾ? ತೂತಿನ ಬುಡ ಬಿರುಕು ಬಿಟ್ಟಿದೆ, ನೀರು ಒಡಲೊಳಗೆ ಹೋಗುತ್ತಿದೆ. ಜೋರು ಗಾಳಿಗೆ ಕಂಬ ಡೆಕ್ಕನ್ನೇ ಸೀಳಿಕೊಂಡು ಬರಬಹುದು. ಆ ದೋಣಿ ಬಿಡಿ, ಅರ್ಧ ಬೆಲೆಗೆ ಕೊಟ್ಟರೂ ಬೇಡ. ತೂತಿನೊಳಗೆ ಸಿಲಿಕೋನ್ ಅಂಟು ಬಳಿದಿದ್ದರೆ ಮಾರುವವರಿಗೆ ವಿಷಯ ಗೊತ್ತು ಅಂತಲೇ ಅರ್ಥ.

ತೂತಿನ ಸುತ್ತ, ಕಾಲಿಡುವ ಗುಂಡಿಯ ಪಕ್ಕ ಬೆರಳ ಗೆಣ್ಣಿನಿಂದ ತಟ್ಟಿ. ‘ಟಕ್’ ಅಂದರೆ ಸರಿ. ‘ದಬ್’ ಅಂದು ಹೆಬ್ಬೆರಳಿಗೆ ಮೆತ್ತಗೆ ತಗ್ಗಿದರೆ ಒಳಗಿನ ಫೋಮ್ ಬಿಟ್ಟುಕೊಂಡಿದೆ. ಹಿಂಬದಿಯ ಬಿರಡೆ ತೆಗೆದು ಮೂತಿ ಎತ್ತಿ, ನೀರು ಸುರಿಯುತ್ತದಾ ನೋಡಿ. ಆಮೇಲೆ ಚೀಲ ತೂಗುವ ಕಾಟಾ ಮೇಲಿಡಿ. ಲೇಸರ್ ಒಡಲು 65 ಕೆ.ಜಿ. ದಾಟಿದರೆ ನೀರು ಕುಡಿದಿದೆ. ಬಿರಡೆ ತೂತಿನಿಂದ ಬಾಯಲ್ಲೇ ಗಾಳಿ ಊದಿ, ಜೋಡಣೆಗೆ ಸೋಪಿನ ನೀರು ಸವರಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಜೋಡಣೆಯೇ ಬಾಯಿ ಬಿಡುತ್ತದೆ.

ಚುಕ್ಕಾಣಿ, ಹಗ್ಗ ಆಮೇಲೆ ಬದಲಿಸಬಹುದು. ಹಾರ್ಡ್‌ವೇರ್ ಅಂಗಡಿಯ ಹಳದಿ ಪ್ಲಾಸ್ಟಿಕ್ ಹಗ್ಗ ಬೇಡ, ಅಂಗೈ ಕೊಯ್ಯುತ್ತದೆ.

ಲೈಫ್ ಜಾಕೆಟ್ ತೊಟ್ಟು ಭುಜ ಹಿಡಿದು ಮೇಲಕ್ಕೆ ಎಳೆಸಿಕೊಳ್ಳಿ. ಕಿವಿವರೆಗೆ ಬಂದರೆ ಸಣ್ಣ ಸೈಜ್ ಕೇಳಿ. ಹಾಯಿಯನ್ನು ನಮ್ಮ ಬಿಸಿಲಲ್ಲಿ ಬಿಟ್ಟರೆ ಬಟ್ಟೆ ಬೇಗ ಹಾಳಾಗುತ್ತದೆ. ಒಣಗಿಸಿ, ಸುತ್ತಿ, ಮನೆಯೊಳಗಿಡಿ.