ಬಾಗಿಲು ತಾನೇ ಮುಚ್ಚುತ್ತದೆ, ಕೋಳಿ ಮಾತ್ರ ಎಣಿಸುವುದಿಲ್ಲ

ಬೆಳಿಗ್ಗೆ ಗೂಡಿನ ಮುಂದೆ ಬಿಳಿ ಪುಕ್ಕ ಚೆಲ್ಲಾಡಿತ್ತು. ಆಟೋಮ್ಯಾಟಿಕ್ ಬಾಗಿಲು ಕೂರಿಸಿ ಹತ್ತು ದಿನವೂ ಆಗಿರಲಿಲ್ಲ. ಬಾಗಿಲಿನದೇನೂ ತಪ್ಪಿರಲಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಇಳಿದು ಭದ್ರವಾಗಿ ಕೂತಿತ್ತು. ಒಂದು ಹ್ಯಾಟೆ ಹೊರಗೇ ಉಳಿದಿತ್ತು, ಅಷ್ಟೇ. ಸೂರ್ಯ ಮುಳುಗುವ ಹೊತ್ತಿಗೇ ಟೈಮರ್ ಇಟ್ಟವನು ನಾನು.

ಹಾಗಂತ ಈ ಬಾಗಿಲು ಬೇಡ ಅನ್ನುವುದಿಲ್ಲ. ದಿನಾ ಮುಸ್ಸಂಜೆಗೆ ಸರಿಯಾಗಿ ಮನೆಯಲ್ಲಿರಲು ಯಾರಿಗೆ ಆಗುತ್ತದೆ? ಒಂದು ದಿನ ಜೋರು ಮಳೆ, ಒಂದು ದಿನ ನೆಂಟರು, ಇನ್ನೊಂದು ದಿನ ಸುಮ್ನೆ ಮರೆವು. ಹೊಂಚು ಹಾಕಿದ ಪ್ರಾಣಿಗೆ ಆ ಒಂದು ದಿನ ಸಾಕು. ಬಾಗಿಲು ಹಾಕಿಸಿ, ಆದರೆ ಅದಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ತಿಳಿದುಕೊಂಡು ಹಾಕಿಸಿ.

ಮೊದಲು ಒಂದು ಸ್ಟೂಲ್ ಹಾಕಿಕೊಂಡು ಕೂರಿ

ಬಾಗಿಲು ಕೊಳ್ಳುವ ಮೊದಲು ಮೂರ್ನಾಲ್ಕು ಸಂಜೆ ಗೂಡಿನ ಹತ್ತಿರ ಕೂತು ನೋಡಿ. ಬೆಳಕು ಇಳಿಯುತ್ತಿದ್ದಂತೆ ಕೋಳಿಗಳು ತಾವಾಗಿಯೇ ಗೂಡಿಗೆ ಬರುತ್ತವೆ. ಕತ್ತಲಲ್ಲಿ ಅವಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕೋಲಿನ ಮೇಲೆ ಹತ್ತಿ ಕೂತವೆಂದರೆ ಅಲುಗಾಡುವುದೂ ಕಡಿಮೆ. ನರಿ, ಕಾಡುಬೆಕ್ಕು, ಪುನುಗು ಬೆಕ್ಕಿಗೆ ಬೇಕಾದದ್ದೂ ಅದೇ.

ಎಲ್ಲವೂ ಬರುತ್ತವೆ, ಆದರೆ ಒಟ್ಟಿಗೆ ಬರುವುದಿಲ್ಲ. ಹಿಂಡಿನಲ್ಲಿ ಜೋರಿರುವವು ಒಳ್ಳೆಯ ಜಾಗ ಹಿಡಿಯಲು ಮುಂಚೆಯೇ ನುಗ್ಗುತ್ತವೆ. ಬೇರೆ ಕೋಳಿಗಳಿಂದ ಕುಕ್ಕಿಸಿಕೊಳ್ಳುವ ಪಾಪದ್ದು, ಹೊಸದಾಗಿ ಸೇರಿದ್ದು ಹೊರಗೇ ಸುಳಿದಾಡಿ, ಎಲ್ಲರೂ ಕೂತಾದ ಮೇಲೆ ಮೆಲ್ಲಗೆ ಒಳಗೆ ಬರುತ್ತವೆ. ಆ ಕೊನೆಯ ಕೋಳಿ ಎಷ್ಟು ಗಂಟೆಗೆ ಬಂತು ಅಂತ ಬರೆದಿಡಿ. ನಿಮಗೆ ಬೇಕಿರುವುದು ಅದೊಂದೇ ಲೆಕ್ಕ. ಅದಕ್ಕೆ ಇನ್ನೂ ಹತ್ತು ಹದಿನೈದು ನಿಮಿಷ ಸೇರಿಸಿದರೆ ಬಾಗಿಲು ಮುಚ್ಚುವ ಹೊತ್ತು ಸಿಗುತ್ತದೆ. ಸೂರ್ಯ ಮುಳುಗಿದ ಮೇಲೂ ಬೆಳಕು ಸ್ವಲ್ಪ ಹೊತ್ತು ಇರುತ್ತದೆ. ಭೂಮಧ್ಯರೇಖೆಯ ಹತ್ತಿರ ಅದು 20ರಿಂದ 25 ನಿಮಿಷ, ಅಲ್ಲಿಂದ ದೂರ ಹೋದಷ್ಟೂ ಜಾಸ್ತಿ. ನಾನು ಮರೆತದ್ದು ಈ ಬೆಳಕನ್ನೇ.

ಬಾತುಕೋಳಿ ಸಾಕಿದವರಿಗೆ ಒಂದು ಮಾತು. ಅವು ಕೋಳಿಗಳ ಹಾಗೆ ಹೊತ್ತಿಗೆ ಸರಿಯಾಗಿ ಬರುವ ಜಾತಿಯಲ್ಲ, ಅಟ್ಟಿಕೊಂಡು ಬರಬೇಕು. ಗಿನಿಕೋಳಿಗೆ ಗೂಡಿಗಿಂತ ಮರವೇ ಇಷ್ಟ. ಇವೆರಡನ್ನೂ ಬಾಗಿಲಿನ ಮೇಲೆ ಭಾರ ಹಾಕಿ ಬಿಡಬೇಡಿ.

ಬಾಗಿಲಿಗಿಂತ ಮೊದಲು ಗೋಡೆ

ಗೂಡಿನ ಸುತ್ತ ಆರು ಮೂಲೆಯ ಕಣ್ಣಿನ ತೆಳು ಕೋಳಿ ಜಾಲರಿ ಇದ್ದರೆ, ಬಾಗಿಲಿಗೆ ಮೋಟಾರ್ ಹಾಕಿ ಏನು ಪ್ರಯೋಜನ? ಆ ಜಾಲರಿ ಕೋಳಿಯನ್ನು ಒಳಗೆ ಇಡುತ್ತದೆ, ಬೇಟೆಗಾರನನ್ನು ಹೊರಗೆ ಇಡುವುದಿಲ್ಲ. ನಾಯಿ ಅದನ್ನು ಹಲ್ಲಲ್ಲಿ ಕಿತ್ತು ಹಾಕುತ್ತದೆ. ಅದರ ಬದಲು 12 ಮಿಲಿಮೀಟರ್ ಕಣ್ಣಿನ ವೆಲ್ಡ್ ಮೆಶ್ ಹಾಕಿ. ಸ್ಟೇಪಲ್ ಪಿನ್ ನಂಬಬೇಡಿ, ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಗಾಳಿಕಿಂಡಿಗಳನ್ನು ಮುಚ್ಚುವಂತಿಲ್ಲ, ಕೋಳಿಗೆ ಗಾಳಿ ಬೇಕೇ ಬೇಕು. ಅವಕ್ಕೂ ಅದೇ ಮೆಶ್ ಹೊಡೆಯಿರಿ.

ನೆಲ ತೋಡಿಕೊಂಡು ಬರುವವರಿಗಾಗಿ ಮೆಶ್ಶನ್ನು 30 ಸೆಂಟಿಮೀಟರ್ ಮಣ್ಣಿನೊಳಗೆ ಇಳಿಸಿ. ತೋಡಲು ಬೇಜಾರಾದರೆ ಗೋಡೆಯ ಬುಡದಿಂದ ಹೊರಕ್ಕೆ ಅರ್ಧ ಮೀಟರಿನಷ್ಟು ಮೆಶ್ಶನ್ನು ನೆಲದ ಮೇಲೇ ಹಾಸಿ, ಕಲ್ಲು ಹೇರಿ. ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯಲು ಶುರು ಮಾಡುತ್ತದೆ. ಕಾಲಡಿಗೆ ತಂತಿ ಸಿಕ್ಕಿದಾಗ ಎರಡು ಹೆಜ್ಜೆ ಹಿಂದೆ ಹೋಗಿ ತೋಡಬೇಕು ಅಂತ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಯಾವ ಬಾಗಿಲು?

ಮೇಲಿಂದ ಕೆಳಕ್ಕೆ ಇಳಿಯುವುದು, ಪಕ್ಕಕ್ಕೆ ಸರಿಯುವುದು, ಹೊರಕ್ಕೆ ತೆರೆದುಕೊಳ್ಳುವುದು, ಹೀಗೆ ಹಲವು ಬಗೆ ಇವೆ. ನನ್ನ ಮತ ಮೇಲಿಂದ ಇಳಿಯುವುದಕ್ಕೆ. ಪಕ್ಕಕ್ಕೆ ಸರಿಯುವುದರಲ್ಲಿ ಕೆಳಗಿನ ಗಾಡಿಗೆ, ಅಂದರೆ ಹಲಗೆ ಓಡುವ ಕಾಲುವೆಗೆ, ನೆಲಕ್ಕೆ ಹಾಸಿದ ಹೊಟ್ಟು, ಹಿಕ್ಕೆ ತುಂಬಿ ಬೇಗ ಕಚ್ಚಿಕೊಳ್ಳುತ್ತದೆ. ಹಲಗೆ ಅಲ್ಯೂಮಿನಿಯಂ ಆದರೆ ಒಳ್ಳೆಯದು. ಮರ ಮಳೆಗಾಲಕ್ಕೆ ಉಬ್ಬಿ ಸಿಕ್ಕಿಕೊಳ್ಳುತ್ತದೆ.

ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಬಾಗಿಲು ಪೂರ್ತಿ ಇಳಿದ ಮೇಲೆ ಅದರ ಕೆಳ ಅಂಚಿಗೆ ಬೆರಳು ಕೊಟ್ಟು ಮೇಲಕ್ಕೆ ಎತ್ತಿ ನೋಡಿ. ಎದ್ದು ಬಂದರೆ ಅಂಥ ಬಾಗಿಲು ಬೇಡ. ಬರೀ ದಾರದಲ್ಲಿ ನೇತಾಡುವ ಹಲಗೆ ನಿಮ್ಮ ಬೆರಳಿಗೆ ಏಳುತ್ತದೆ ಎಂದರೆ ಪಂಜಕ್ಕೂ ಏಳುತ್ತದೆ. ಅಮೆರಿಕ ಖಂಡದ ರಕೂನ್ ಇದರಲ್ಲಿ ಪಳಗಿದ ಕಳ್ಳ. ಅದಕ್ಕೆ ಸಾದಾ ಚಿಲಕ ತೆಗೆಯುವುದೂ ಗೊತ್ತು. ಗೇರ್ ಅಥವಾ ತಿರುಪಿನ ಮೇಲೆ ಓಡುವ ಬಾಗಿಲು, ಇಳಿದ ಕೂಡಲೇ ತಾನೇ ಲಾಕ್ ಆಗುವ ಬಾಗಿಲು ವಾಸಿ.

ಮಾಮೂಲಿ ಗಾತ್ರದ ಕೋಳಿಗೆ 30 ಸೆಂಟಿಮೀಟರ್ ಅಗಲ, 35 ಸೆಂಟಿಮೀಟರ್ ಎತ್ತರದ ದಾರಿ ಸಾಕು. ಟರ್ಕಿ ಕೋಳಿಗೆ ಇನ್ನೂ ದೊಡ್ಡದು ಬೇಕು.

ಬೆಳಕೋ, ಗಡಿಯಾರವೋ?

ಬಾಗಿಲಿಗೆ ಹೊತ್ತು ಹೇಳುವ ದಾರಿ ಎರಡು. ಟೈಮರ್ ನೀವು ಹೇಳಿದ ಗಂಟೆಗೆ ಮುಚ್ಚುತ್ತದೆ, ಋತು ಬದಲಾದದ್ದು ಅದಕ್ಕೆ ತಿಳಿಯುವುದಿಲ್ಲ. 50 ಡಿಗ್ರಿ ಅಕ್ಷಾಂಶದಲ್ಲಿ ಬೇಸಿಗೆಯ ಸೂರ್ಯಾಸ್ತಕ್ಕೂ ಚಳಿಗಾಲದ್ದಕ್ಕೂ ಸುಮಾರು ನಾಲ್ಕು ಗಂಟೆ ವ್ಯತ್ಯಾಸ ಇದೆ. ಅಲ್ಲಿ ಎರಡು ವಾರಕ್ಕೊಮ್ಮೆ ಟೈಮರ್ ತಿದ್ದಲೇಬೇಕು.

ಬೆಳಕಿನ ಸೆನ್ಸರ್‌ಗೆ ಋತುವಿನ ತಲೆನೋವಿಲ್ಲ, ಬೇರೆಯದಿದೆ. ಮಧ್ಯಾಹ್ನ ಕಪ್ಪು ಮೋಡ ಕವಿದರೆ ರಾತ್ರಿ ಆಯಿತು ಅಂದುಕೊಳ್ಳಬಹುದು. ಅಂಗಳದ ದೀಪ ನೇರ ಅದರ ಮೇಲೆ ಬಿದ್ದರೆ ಮುಚ್ಚಲು ಮರೆಯಬಹುದು. ಸೂರಿನ ನೆರಳಲ್ಲಿ ಕೂರಿಸಿದರೆ ಎಲ್ಲರಿಗಿಂತ ಮುಂಚೆ ಅದಕ್ಕೆ ಕತ್ತಲಾಗುತ್ತದೆ. ಆಕಾಶ ಕಾಣುವ ಕಡೆ, ದೀಪದಿಂದ ಮರೆಯಾಗಿ ಹಾಕಿ.

ಎರಡೂ ಇರುವ ಯಂತ್ರ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಸಂಜೆ ಸೆನ್ಸರ್ ಹೇಳಿದಂತೆ ಮುಚ್ಚಲಿ, ಬೆಳಿಗ್ಗೆ ಟೈಮರ್ ಹೇಳಿದಂತೆ ತೆರೆಯಲಿ. ಬೆಳಗಿನ ಮಬ್ಬಿನಲ್ಲೂ ನರಿ ಓಡಾಡುತ್ತಿರುತ್ತದೆ. ಮೊದಲ ಬೆಳಕಿಗೇ ಬಾಗಿಲು ತೆರೆಯುವುದು ಅದಕ್ಕೆ ತಿಂಡಿಗೆ ಕರೆದಂತೆ.

ಕೂರಿಸುವುದು

ಹೊಸ್ತಿಲನ್ನು ಗೂಡಿನ ನೆಲಕ್ಕಿಂತ 15ರಿಂದ 20 ಸೆಂಟಿಮೀಟರ್ ಮೇಲೆ ಇಡಿ. ಕೋಳಿಗಳು ದಿನವಿಡೀ ಕೆರೆಯುತ್ತವೆ, ಹೊಟ್ಟೆಲ್ಲ ಹಾರಿ ಬಾಗಿಲಿನ ಕೆಳಗೆ ಕೂರುತ್ತದೆ. ಒಂದು ಹಿಡಿ ಹೊಟ್ಟು ಅಡ್ಡ ಬಂದರೂ ಬಾಗಿಲು ಎರಡು ಬೆರಳಿನಷ್ಟು ತೆರೆದೇ ಇರುತ್ತದೆ. ಕೋಳಿ ತಿನ್ನುವ ಸಣ್ಣ ಬೇಟೆಗಾರರಿಗೆ ಅಷ್ಟು ಸಂದು ಧಾರಾಳ.

ಚೌಕಟ್ಟನ್ನು ರಸಮಟ್ಟ ಇಟ್ಟು ನೇರಕ್ಕೆ ಕೂರಿಸಿ. ಸ್ವಲ್ಪ ಓರೆಯಾದರೂ ಹಲಗೆ ಗಾಡಿಯಲ್ಲಿ ತಿಕ್ಕುತ್ತದೆ, ಮೋಟಾರ್ ಏದುಸಿರು ಬಿಡುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಸೋಲಾರ್ ಪ್ಯಾನೆಲ್ ಇದ್ದರೆ ಮರದ ನೆರಳು ಬೀಳದ ಕಡೆ ಹಾಕಿ. ಕೊರೆಯುವ ಚಳಿಯಲ್ಲಿ ಬ್ಯಾಟರಿಯ ಕಸುವು ತಗ್ಗುತ್ತದೆ, ಆಗ ಜಾಸ್ತಿ ಗಮನ ಇರಲಿ.

ಅಡ್ಡ ಏನಾದರೂ ಬಂದರೆ ನಿಲ್ಲುವ ವ್ಯವಸ್ಥೆ ಇದೆ ಅಂತ ಡಬ್ಬಿಯ ಮೇಲೆ ಬರೆದಿದ್ದರೂ ನಂಬಬೇಡಿ. ಖಾಲಿ ರಟ್ಟಿನ ಕೊಳವೆಯೊಂದನ್ನು ಹೊಸ್ತಿಲ ಮೇಲೆ ಇಟ್ಟು ಬಾಗಿಲು ಇಳಿಸಿ ನೋಡಿ. ಕೊಳವೆ ಅಪ್ಪಚ್ಚಿಯಾದರೆ ಕೋಳಿಯ ಕುತ್ತಿಗೆಗೂ ಅದೇ ಗತಿ.

ಕೋಳಿಗೆ ಅಭ್ಯಾಸ ಮಾಡಿಸಿ

ಮೊದಲ ಸಲ ಮೋಟಾರ್ ಗುರ್ ಅಂದಾಗ ನಮ್ಮ ಹುಂಜ ರೆಕ್ಕೆ ಬಡಿದು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಅದಕ್ಕೇ ಒಂದೆರಡು ದಿನ ಹಗಲಲ್ಲೇ, ಕಾಳು ಹಾಕಿ, ಅವು ತಿನ್ನುತ್ತಿರುವಾಗ ನಾಲ್ಕಾರು ಸಲ ಬಾಗಿಲು ಏರಿಸಿ ಇಳಿಸಿ. ಸದ್ದಿಗೆ ಹೊಂದಿಕೊಳ್ಳುತ್ತವೆ. ಮುಸ್ಸಂಜೆಗೆ ಗೂಡಿನ ಒಳಗೆ ಸಣ್ಣ ದೀಪ ಹಚ್ಚಿಟ್ಟರೆ ತಡ ಮಾಡುವವು ಬೆಳಕು ಕಂಡು ಒಳಗೆ ಬರುತ್ತವೆ. ಎಲ್ಲವೂ ಕೂತ ಮೇಲೆ ಆರಿಸಿ.

ರಾತ್ರಿ ಕಾಳಿನ ಪಾತ್ರೆಯನ್ನು ಗೂಡಿನಲ್ಲಿ ಬಿಡಬೇಡಿ. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಸಂಜೆಯೇ ಒಳಗೆ ಸೇರಿಕೊಂಡ ಹಾವನ್ನು ಬಾಗಿಲು ಹೊರಗೆ ಹಾಕುವುದಿಲ್ಲ, ಕೋಳಿಗಳ ಜೊತೆ ಒಳಗಿಟ್ಟು ಲಾಕ್ ಮಾಡುತ್ತದೆ. ಬಾಗಿಲು ಮುಚ್ಚಿದ ಮೇಲೆ ಟಾರ್ಚ್ ಹಿಡಿದು ಮೂಲೆ, ಮೊಟ್ಟೆಯ ಪೆಟ್ಟಿಗೆ ಎಲ್ಲ ಒಮ್ಮೆ ನೋಡಿ, ತಲೆ ಎಣಿಸಿ. ವಾರಕ್ಕೊಮ್ಮೆ ಹಳೆಯ ಬ್ರಷ್‌ನಿಂದ ಬಾಗಿಲಿನ ಗಾಡಿ ಗುಡಿಸಿ. ಎಣ್ಣೆ ಹಾಕಬೇಡಿ, ಧೂಳು ಅಂಟಿ ಇನ್ನೂ ಕಚ್ಚಿಕೊಳ್ಳುತ್ತದೆ.

ಊರಿಗೆ ಹೋಗುವುದಿದ್ದರೆ ಗೂಡಿನೊಳಗೆ ಒಂದು ಕ್ಯಾಮೆರಾ ಇಡಬಹುದು. ಬಾಗಿಲು ಮುಚ್ಚಿದೆ ಅಂತ ಮೊಬೈಲಿಗೆ ಮೆಸೇಜ್ ಬಂದರೆ ಅರ್ಧ ಸಮಾಧಾನ. ಕೋಲಿನ ಮೇಲೆ ಎಷ್ಟು ಕೂತಿವೆ ಅಂತ ಕಂಡರೆ ಮಾತ್ರ ನಿದ್ದೆ. ಇಲ್ಲದಿದ್ದರೆ ಪಕ್ಕದ ಮನೆಯವರಿಗೆ ಲೆಕ್ಕ ಹೇಳಿ ಹೋಗಿ. ಮೋಟಾರ್ ಕೈಕೊಟ್ಟರೆ ಬಾಗಿಲನ್ನು ಕೈಯಲ್ಲಿ ಇಳಿಸುವುದು ಹೇಗೆ ಅಂತಲೂ ತೋರಿಸಿ.

ನಮ್ಮ ಗೂಡಿನಲ್ಲಿ ಈಗ ಒಂಬತ್ತು ಕೋಳಿ. ಎಂಟು ಹೊತ್ತಿಗೆ ಮುಂಚೆಯೇ ಕೋಲು ಹತ್ತಿರುತ್ತವೆ. ಒಂಬತ್ತನೆಯದು ಕಂದು ಹ್ಯಾಟೆ, ದಿನಾ ಬೇಲಿಯ ಹತ್ತಿರ ಕೊನೆಯ ಹುಳಕ್ಕಾಗಿ ಕೆರೆಯುತ್ತಾ ನಿಂತಿರುತ್ತದೆ. ಅದಕ್ಕಾಗಿ ಟೈಮರ್ ಇನ್ನೂ ಹತ್ತು ನಿಮಿಷ ತಡವಾಗಿ ಇಟ್ಟಿದ್ದೇನೆ. ಈಗ ಅದೂ ಹತ್ತು ನಿಮಿಷ ತಡವಾಗಿ ಬರಲು ಶುರು ಮಾಡಿದೆ.